ಒಳಗು ಹುಟ್ಟಿದ ಬಗೆ

ಕಾದ ದೋಸೆಹೆಂಚಿಗೆ ಬೆರಳು ತಗುಲಿದರೆ ಮುಂದೇನಾಗುತ್ತದೆಂದು ಎಲ್ಲರಿಗೂ ಗೊತ್ತು. ಮೊದಲು ಉರಿ, ಆಮೇಲೆ ಕೆಂಪು, ಸ್ವಲ್ಪ ಹೊತ್ತಿಗೆ ಬೊಬ್ಬೆ. ಬೊಬ್ಬೆಯೊಳಗೆ ತಿಳಿನೀರು. ಒಡೆಯಬೇಡ, ತಾನಾಗಿ ಒಣಗಲಿ ಎಂದು ಮನೆಯ ಹಿರಿಯರು ಗದರುತ್ತಾರೆ.

ಆ ನೀರು ಎಲ್ಲಿಂದ ಬಂತು ಎನ್ನುವುದು ನಮಗೆ ಅರ್ಧ ಗೊತ್ತಿರುವ ಸಂಗತಿ. ಸುಟ್ಟ ಜಾಗದ ಸಣ್ಣ ರಕ್ತನಾಳಗಳಿಂದ ರಕ್ತದ ತೆಳುಭಾಗ ಜಿನುಗಿ ಅಲ್ಲಿ ಸೇರಿರುತ್ತದೆ. ಆದರೆ ಜಿನುಗಿದ ನೀರು ಅಲ್ಲೇ ನಿಂತದ್ದು ಹೇಗೆ? ಬೊಬ್ಬೆಯ ಮೇಲಿನ ಪದರವೂ ಜೀವಕೋಶಗಳಿಂದಲೇ ಆದದ್ದು. ಒಂದು ಕೋಶ, ಅದರ ಪಕ್ಕಕ್ಕೆ ಇನ್ನೊಂದು, ಮತ್ತೊಂದು. ನಡುವೆ ಸಂದು ಇರಲೇಬೇಕಲ್ಲ? ಗೋಣಿಚೀಲದಲ್ಲಿ ನೀರು ತುಂಬಿದರೆ ನಿಲ್ಲದು. ಈ ತೆಳು ಪದರದಲ್ಲಿ ಒಂದೆರಡು ದಿನ ನಿಲ್ಲುತ್ತದೆ.

ಬೊಬ್ಬೆಯನ್ನು ಇನ್ನೂ ಸ್ವಲ್ಪ ಗಮನಿಸೋಣ. ಚರ್ಮದ ಮೇಲುಪದರ ತನ್ನ ತಳದಿಂದ ಕಿತ್ತುಕೊಂಡು ಎದ್ದಿದೆ. ಹಾಗಿದ್ದರೂ ಅದು ಪುಡಿಪುಡಿಯಾಗಿ ಉದುರಿಲ್ಲ, ಹಾಳೆಯಂತೆ ಇಡಿಯಾಗಿಯೇ ಇದೆ. ಅಂದರೆ ಈ ಪದರಕ್ಕೆ ಎರಡು ಬಗೆಯ ಕಟ್ಟುಗಳಿವೆ. ಒಂದು ಪಕ್ಕದ ಕೋಶದ ಜೊತೆಗಿನದು, ಇನ್ನೊಂದು ಅಡಿಯ ನೆಲದ ಜೊತೆಗಿನದು. ಹೆಂಚಿನ ಬಿಸಿಗೆ ಅಡಿಯ ಕಟ್ಟು ಸಡಿಲಿತು, ಪಕ್ಕದ ಕಟ್ಟು ಉಳಿಯಿತು. ಈ ಎರಡು ಕಟ್ಟುಗಳ ನೆನಪಿರಲಿ. ಪ್ರಾಣಿಗಳ ಚರಿತ್ರೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಕತೆಗಳಿವೆ, ಮತ್ತು ಆ ಕತೆಗಳನ್ನು ಹೇಳಬಲ್ಲ ಸಾಕ್ಷಿ ನೀರಿನ ತಳದಲ್ಲಿ ಕಲ್ಲಿಗಂಟಿಕೊಂಡು ಕೂತಿದೆ.

ಉಂಡದ್ದು ಇನ್ನೂ ಹೊರಗೇ ಇದೆ

ಇಂಥ ಹಾಳೆ ಚರ್ಮದಲ್ಲಿ ಮಾತ್ರ ಇರುವುದಲ್ಲ. ಬಾಯಿ, ಗಂಟಲು, ಜಠರ, ಕರುಳು, ಶ್ವಾಸಕೋಶ, ಮೂತ್ರಕೋಶ ಎಲ್ಲದರ ಒಳಗೋಡೆಗೂ ಇದರದೇ ಹೊದಿಕೆ. ಆಮ್‌ಸ್ಟರ್‌ಡ್ಯಾಮಿನ ಅಂಗರಚನಾ ತಜ್ಞ ಫ್ರೆಡರಿಕ್ ರೌಯ್ಶ್ ಸುಮಾರು ಮುನ್ನೂರು ವರ್ಷಗಳ ಹಿಂದೆ ಇದಕ್ಕೆ ಎಪಿಥೀಲಿಯಂ ಎಂಬ ಹೆಸರು ಕೊಟ್ಟ. ನಮ್ಮ ಶಾಲಾಪುಸ್ತಕಗಳು ಅನುಲೇಪಕ ಅಂಗಾಂಶ ಎನ್ನುತ್ತವೆ. ನಾನು ಇಲ್ಲಿ ಹೊದಿಕೆಪೊರೆ ಎನ್ನುತ್ತೇನೆ. ಲೇಪ ಎಂದರೆ ಬಳಿದದ್ದು ಎಂದಾಗುತ್ತದೆ. ಇದು ಬಳಿದದ್ದಲ್ಲ, ಕೋಶಕ್ಕೆ ಕೋಶ ಸೇರಿಸಿ ಕಟ್ಟಿದ್ದು.

ಮಧ್ಯಾಹ್ನ ಉಂಡ ಅನ್ನಸಾರು ಹೊಟ್ಟೆಗಿಳಿದ ಮಾತ್ರಕ್ಕೆ ದೇಹದ ಒಳಗೆ ಬಂದಂತಲ್ಲ. ಬಾಯಿಯಿಂದ ಗುದದವರೆಗೆ ಇರುವುದು ಒಂದು ಉದ್ದನೆಯ ಕೊಳವೆ. ಅದರೊಳಗಿನ ಜಾಗ, ಬಳೆಯ ನಡುವಿನ ತೂತಿನ ಹಾಗೆ, ಹೊರಜಗತ್ತಿಗೇ ಸೇರಿದ್ದು. ಕರುಳಿನ ಹೊದಿಕೆಪೊರೆಯನ್ನು ದಾಟಿದ ಮೇಲಷ್ಟೇ ಅನ್ನ ನಿಜವಾಗಿ ‘ಒಳಗೆ’ ಬರುತ್ತದೆ. ಸ್ವೀಡನ್ನಿನ ಇಬ್ಬರು ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿದ ಪ್ರಕಾರ ನಮ್ಮ ಅನ್ನನಾಳ, ಜಠರ, ಕರುಳುಗಳ ಒಳಮೈಯನ್ನು ಮಡಿಕೆ ಬಿಡಿಸಿ ಹರಡಿದರೆ ಸುಮಾರು 32 ಚದರ ಮೀಟರ್ ಆಗುತ್ತದೆ. ಅದು ಅರ್ಧ ಬ್ಯಾಡ್ಮಿಂಟನ್ ಅಂಗಣದಷ್ಟು. ಕರುಳಿನಲ್ಲಿ ಈ ಗಡಿಯ ದಪ್ಪ ಒಂದೇ ಒಂದು ಕೋಶ. ಆ ಕೋಶಗಳೂ ನಾಲ್ಕೈದು ದಿನಕ್ಕೊಮ್ಮೆ ಉದುರಿ ಹೊಸವು ಬರುತ್ತಿರುತ್ತವೆ. ಗೋಡೆಯ ಇಟ್ಟಿಗೆಗಳನ್ನು ವಾರಕ್ಕೊಮ್ಮೆ ಬದಲಿಸುತ್ತಾ ಮನೆಯೊಳಗೆ ಮಳೆನೀರು ಬಾರದಂತೆ ನೋಡಿಕೊಳ್ಳುವ ಕೆಲಸ ಇದು.

ಒಳ್ಳೆಯ ಹೊದಿಕೆಪೊರೆಯ ಪ್ರತಿ ಕೋಶಕ್ಕೂ ಮೇಲು ಯಾವುದು ಕೆಳಗು ಯಾವುದು ಗೊತ್ತು. ಮೇಲ್ಮುಖ ಹೊರಜಗತ್ತಿನ ಕಡೆಗೆ, ಕೆಳಮುಖ ಒಡಲಿನ ಕಡೆಗೆ. ಪಕ್ಕದವರನ್ನು ಅದು ಬಿಗಿಯಾಗಿ ಹಿಡಿದಿರುತ್ತದೆ, ಸಂದಿನಲ್ಲಿ ಉಪ್ಪು ನೀರು ನುಸುಳದಂತೆ ಮುಚ್ಚಿರುತ್ತದೆ. ಕಾಲಡಿಗೆ ಒಂದು ತೆಳ್ಳನೆಯ ಪ್ರೋಟೀನು ಚಾಪೆ. ಅದನ್ನು ಅಡಿಹಾಸು ಎನ್ನೋಣ. ಇಷ್ಟು ಇದ್ದರೆ ಒಳಗು ಬೇರೆ, ಹೊರಗು ಬೇರೆ ಆಗುತ್ತದೆ. ಒಳಗೊಂದು ನಿಶ್ಚಿತ ಉಪ್ಪು, ನಿಶ್ಚಿತ ರಸ ಇಟ್ಟುಕೊಳ್ಳಲು ಬರುತ್ತದೆ. ಅದಾದ ಮೇಲಷ್ಟೇ ನರ, ಸ್ನಾಯು, ರಕ್ತ ಎಲ್ಲಕ್ಕೂ ಅರ್ಥ.

ಹಾಗಾದರೆ ಮೊದಲ ಹೊದಿಕೆಪೊರೆ ಯಾರದು?

ಪಠ್ಯಪುಸ್ತಕದ ಒಂದು ಸಾಲು

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರು ಪ್ರಾಣಿಗಳ ವರ್ಗೀಕರಣದ ಮೊದಲ ಪುಟ ಮರೆತಿರಲಾರರು. ಸ್ಪಂಜು ಪ್ರಾಣಿಗಳು, ಕೋಶಮಟ್ಟದ ರಚನೆ, ಅಂಗಾಂಶಗಳಿಲ್ಲ. ಒಂದು ಅಂಕದ ಪ್ರಶ್ನೆಗೆ ಸಿದ್ಧ ಉತ್ತರ. ನಾನೂ ಅದನ್ನು ಬಾಯಿಪಾಠ ಮಾಡಿದವನೇ. ಈ ಅಧ್ಯಾಯ ಬರೆಯಲು ಕೂತಾಗ ಆ ಸಾಲು ಎಷ್ಟು ನಿಜ ಎಂದು ಹುಡುಕಿಕೊಂಡು ಹೋಗಿದ್ದೇ ದೊಡ್ಡ ದಾರಿಯಾಯಿತು.

ಅಂಗಡಿಯಲ್ಲಿ ಸಿಗುವ ಪಾತ್ರೆ ತೊಳೆಯುವ ಸ್ಪಂಜು ಪ್ಲಾಸ್ಟಿಕ್ಕಿನದು. ಮೈ ಉಜ್ಜುವ ಹೀರೇಕಾಯಿ ನಾರು ಗಿಡದ್ದು. ಹಿಂದೆ ಮೆಡಿಟರೇನಿಯನ್ ಸಮುದ್ರದಿಂದ ಮುಳುಗಿ ತರುತ್ತಿದ್ದ ಸ್ನಾನದ ಸ್ಪಂಜು ನಿಜವಾದ ಪ್ರಾಣಿಯದು, ಆದರೆ ಅದು ಜೀವ ಕಳೆದುಕೊಂಡು ಉಳಿದ ನಾರಿನ ಹಂದರ ಮಾತ್ರ. ಜೀವಂತ ಸ್ಪಂಜನ್ನು ಮುಟ್ಟಿದರೆ ಬಹಳಷ್ಟು ಸಲ ಕೈಗೆ ಲೋಳೆ ಹತ್ತುತ್ತದೆ. ಅದು ಕೂತಲ್ಲಿಂದ ಏಳುವುದಿಲ್ಲ. ಬಾಯಿ ಇಲ್ಲ, ಹೊಟ್ಟೆ ಇಲ್ಲ, ನರ ಇಲ್ಲ. ಸಾವಿರಾರು ವರ್ಷ ಜನ ಅದನ್ನು ಗಿಡವೋ ಪ್ರಾಣಿಯೋ ಎಂದು ವಾದಿಸಿದ್ದು ಸಹಜ.

ಎಡಿನ್‌ಬರೋದ ವೈದ್ಯ ರಾಬರ್ಟ್ ಗ್ರಾಂಟ್ 1825ರ ಸುಮಾರಿಗೆ ಒಂದು ಜೀವಂತ ಸ್ಪಂಜನ್ನು ಸಮುದ್ರದ ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಡಿ ನೋಡಿದ. ಮೈಮೇಲಿನ ದೊಡ್ಡ ತೂತಿನಿಂದ ನೀರು ಕಾರಂಜಿಯಂತೆ ಬಿಡದೆ ಚಿಮ್ಮುತ್ತಿತ್ತು. ನೀರು ಒಳಬರುತ್ತಿದ್ದದ್ದು ಮೈತುಂಬ ಇದ್ದ ಸಣ್ಣ ತೂತುಗಳಿಂದ. ಈ ಗುಂಪಿಗೆ ಪೊರಿಫೆರಾ, ಅಂದರೆ ತೂತುಹೊತ್ತವು ಎಂದು ಹೆಸರಿಟ್ಟವನೂ ಅವನೇ. ಆಗ ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದ ಒಬ್ಬ ಹುಡುಗ ಗ್ರಾಂಟನ ಜೊತೆ ಕಡಲತಡಿಯಲ್ಲಿ ಜೀವಿಗಳನ್ನು ಹೆಕ್ಕುತ್ತಾ ಅಲೆಯುತ್ತಿದ್ದ. ಅವನು ಚಾರ್ಲ್ಸ್ ಡಾರ್ವಿನ್.

ಇಂದು ಹೆಸರಿಟ್ಟ ಸ್ಪಂಜು ಜಾತಿಗಳು 9,000ಕ್ಕೂ ಹೆಚ್ಚು. ಒಳಗಿನ ಏರ್ಪಾಡು ಬಹುಪಾಲು ಒಂದೇ. ಹೊರಮೈಗೆ ಚಪ್ಪಟೆ ಕೋಶಗಳ ಪದರ. ಒಳಗಿನ ಕಾಲುವೆಗಳಲ್ಲಿ, ಕೋಣೆಗಳಲ್ಲಿ ಕೊರಳಪಟ್ಟಿ ಕೋಶಗಳು. ಒಂದೊಂದಕ್ಕೂ ನೀರು ಬಡಿಯುವ ಒಂದು ಚಾಟಿ, ಅದರ ಬುಡದ ಸುತ್ತ ಸೂಕ್ಷ್ಮ ಕಡ್ಡಿಗಳ ಕೊರಳಪಟ್ಟಿ. ಚಾಟಿ ನೀರನ್ನು ಎಳೆಯುತ್ತದೆ, ಪಟ್ಟಿ ಬ್ಯಾಕ್ಟೀರಿಯಾಗಳನ್ನು ಸೋಸಿ ಹಿಡಿಯುತ್ತದೆ. ಒಂದು ಸ್ಪಂಜು ದಿನಕ್ಕೆ ತನ್ನ ಗಾತ್ರದ ಸಾವಿರಾರು ಪಟ್ಟು ನೀರನ್ನು ಹೀಗೆ ಸೋಸಬಲ್ಲದು. ಎರಡು ಪದರಗಳ ನಡುವೆ ಲೋಳೆ. ಆ ಲೋಳೆಯಲ್ಲಿ ಅತ್ತಿತ್ತ ಹರಿದಾಡುವ ಕೋಶಗಳು.

ಹೊರಗೊಂದು ಪದರ, ಒಳಗೊಂದು ಪದರ ಎಂದಮೇಲೆ ಅಂಗಾಂಶ ಇಲ್ಲ ಎಂದದ್ದೇಕೆ? ಅದಕ್ಕೆ ಕಾರಣವಾದ ಪ್ರಯೋಗಗಳಲ್ಲಿ ಒಂದು ಮರೆಯಲಾಗದ್ದು.

ವಸ್ತ್ರಗಾಳಿ ಹಿಡಿದ ಪ್ರಾಣಿ

ಅಮೆರಿಕದ ಉತ್ತರ ಕೆರೊಲಿನಾದ ಕಡಲತೀರದಲ್ಲಿ ಬ್ಯೂಫರ್ಟ್ ಎಂಬ ಊರು. ಹೆನ್ರಿ ವ್ಯಾನ್ ಪೀಟರ್ಸ್ ವಿಲ್ಸನ್ ಎಂಬ ಜೀವವಿಜ್ಞಾನಿ ಅಲ್ಲಿ ಒಂದು ಕೆಂಪು ಸ್ಪಂಜನ್ನು ತುಂಡು ಮಾಡಿ, ಹಿಟ್ಟು ಜರಡಿ ಹಿಡಿಯುವ ನಯವಾದ ರೇಷ್ಮೆಬಟ್ಟೆಯಲ್ಲಿ ಕಟ್ಟಿ, ಸಮುದ್ರದ ನೀರಿನ ಬಟ್ಟಲಿಗೆ ಹಿಂಡಿದ. ನಾವು ಕಷಾಯದ ಪುಡಿಯನ್ನು ವಸ್ತ್ರಗಾಳಿ ಹಿಡಿಯುತ್ತೇವಲ್ಲ, ಹಾಗೆ. ಬಟ್ಟಲಿಗೆ ಬಿದ್ದದ್ದು ಬಿಡಿ ಕೋಶಗಳ ಕೆಂಪು ಮಬ್ಬು. ಬೇರೆ ಬಹುತೇಕ ಪ್ರಾಣಿಗಳಾಗಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು.

ತಳಕ್ಕಿಳಿದ ಕೋಶಗಳು ತೆವಳತೊಡಗಿದವು. ಒಂದಕ್ಕೊಂದು ತಾಗಿದಾಗ ಅಂಟಿಕೊಂಡವು. ಸಣ್ಣ ಉಂಡೆಗಳಾದವು, ಉಂಡೆಗಳು ಕೂಡಿ ದೊಡ್ಡವಾದವು. ಕೆಲವೇ ದಿನಗಳಲ್ಲಿ ಮೇಲ್ಮೈಯಲ್ಲಿ ಚಪ್ಪಟೆ ಪದರ ಮೂಡಿತು, ಒಳಗೆ ಕಾಲುವೆ ಕೊರೆಯಿತು, ಚಾಟಿಗಳು ಬಡಿಯತೊಡಗಿ ನೀರು ಹರಿಯಿತು. ಹಿಂಡಿ ಚೆಲ್ಲಿದ ಸ್ಪಂಜು ಮತ್ತೆ ಸ್ಪಂಜಾಗಿತ್ತು. ವಿಲ್ಸನ್ 1907ರಲ್ಲಿ ಇದನ್ನು ಪ್ರಕಟಿಸಿದ. ಮುಂದಿನ ದಶಕಗಳಲ್ಲಿ ಬೇರೆಯವರು ಬಣ್ಣ ಬೇರೆಯಾದ ಎರಡು ಜಾತಿಗಳ ಕೋಶಗಳನ್ನು ಬೆರೆಸಿ ನೋಡಿದರು. ಎಷ್ಟೋ ಸಲ ಅವು ತಮ್ಮ ತಮ್ಮ ಬಣ್ಣದವನ್ನೇ ಹುಡುಕಿ ಬೇರೆಬೇರೆ ಉಂಡೆಗಳಾದವು. ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಮಾತ್ರ ಯಾವುದೂ ಅಂಟಲಿಲ್ಲ. ಕೋಶಗಳ ಹೊರಗೆ ಹರಡಿದ ಸಕ್ಕರೆ-ಪ್ರೋಟೀನಿನ ದೊಡ್ಡ ಅಣುವೊಂದು ಗೋಂದಿನಂತೆ ಕೆಲಸ ಮಾಡುತ್ತದೆಂದು 1960ರ ದಶಕದಲ್ಲಿ ತಿಳಿಯಿತು.

ಇದನ್ನೆಲ್ಲ ನೋಡಿದವರಿಗೆ ಸ್ಪಂಜು ಒಂದು ಮನೆಯಂತೆ ಕಾಣಲಿಲ್ಲ, ಸಂತೆಯಂತೆ ಕಂಡಿತು. ಸಂತೆಯಲ್ಲಿ ಸಾಲಾಗಿ ಅಂಗಡಿಗಳಿರುತ್ತವೆ ನಿಜ, ಆದರೆ ಸಂಜೆಗೆ ಗುಡಾರ ಬಿಚ್ಚಿದರೆ ಬಯಲು. ಸಿಹಿನೀರಿನ ಸ್ಪಂಜುಗಳ ಒಳಗೆ ಕೋಶಗಳು ಸದಾ ಜಾಗ ಬದಲಿಸುತ್ತಾ ಕಾಲುವೆ, ಕೋಣೆಗಳನ್ನೇ ಹೊಸದಾಗಿ ಜೋಡಿಸುತ್ತಿರುತ್ತವೆಂದು 1992ರಲ್ಲಿ ಕ್ಯಾಲ್ಹೂನ್ ಬಾಂಡ್ ತೋರಿಸಿದಾಗ ಈ ಚಿತ್ರ ಇನ್ನೂ ಗಟ್ಟಿಯಾಯಿತು. ಗೋಂದು ಹಚ್ಚಿಕೊಂಡ ಗುಂಪಿನ ಹೊರಸಾಲನ್ನು ಹೊದಿಕೆಪೊರೆ ಎನ್ನುವುದು ಹೇಗೆ? ತಕರಾರು ನ್ಯಾಯವಾದದ್ದೇ. ಆದರೆ ಅದನ್ನು ಪರೀಕ್ಷಿಸುವ ದಾರಿಯೊಂದಿತ್ತು. ಸಂದುಗಳು ಸೋರುತ್ತವೆಯೋ ಇಲ್ಲವೋ ಎಂದು ಅಳೆದು ನೋಡುವುದು.

ಸಿಹಿನೀರಿನ ಸಾಕ್ಷಿ

ಸಮುದ್ರದ ಸ್ಪಂಜಿಗೆ ಸೋರಿಕೆಯ ಚಿಂತೆ ಕಡಿಮೆ. ಹೊರಗಿನ ನೀರಿನ ಉಪ್ಪೂ ಒಳಗಿನ ಉಪ್ಪೂ ಹೆಚ್ಚುಕಡಿಮೆ ಸಮ. ಕೆರೆ, ಹೊಳೆಗಳಲ್ಲಿ ಬದುಕುವ ಸ್ಪಂಜಿನ ಪಾಡು ಬೇರೆ. ಅದರ ಒಡಲಲ್ಲಿ ಹೊರಗಿಗಿಂತ ಉಪ್ಪು ಹೆಚ್ಚು. ಒಣದ್ರಾಕ್ಷಿ ನೀರಲ್ಲಿ ಉಬ್ಬುವ ಹಾಗೆ ಅದರ ಕೋಶಗಳೊಳಕ್ಕೆ ನೀರು ನುಗ್ಗುತ್ತದೆ, ಉಪ್ಪು ಹೊರಕ್ಕೆ ಸೋರಲು ಹವಣಿಸುತ್ತದೆ. ಸಂದುಗಳನ್ನು ಮುಚ್ಚಿಕೊಳ್ಳದೆ ಅಲ್ಲಿ ಬಾಳುವುದು ಕಷ್ಟ.

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸ್ಯಾಲಿ ಲೇಸ್ ತಮ್ಮ ವೃತ್ತಿಜೀವನವನ್ನೇ ಸ್ಪಂಜುಗಳಿಗೆ ಕೊಟ್ಟ ವಿಜ್ಞಾನಿ. ಅವರ ತಂಡ ಸ್ಪಾಂಜಿಲ್ಲಾ ಲಾಕುಸ್ಟ್ರಿಸ್ ಎಂಬ ಸಿಹಿನೀರಿನ ಸ್ಪಂಜನ್ನು ಸೂಕ್ಷ್ಮ ತೂತುಗಳಿರುವ ಹಾಳೆಯ ಮೇಲೆ ಬೆಳೆಸಿತು. ಮರಿ ಸ್ಪಂಜು ಹರಡಿ ಹಾಳೆಯನ್ನೆಲ್ಲ ಮುಚ್ಚಿದ ಮೇಲೆ ಅದರ ಆಚೆ ಒಂದು, ಈಚೆ ಒಂದು ವಿದ್ಯುತ್ ತುದಿ ಇಟ್ಟು ಅಳೆದರು. ಪಂಕ್ಚರ್ ಅಂಗಡಿಯವರು ಟ್ಯೂಬಿಗೆ ಗಾಳಿ ಹೊಡೆದು ನೀರಿನ ಬಾನಿಯಲ್ಲಿ ಅದ್ದುತ್ತಾರಲ್ಲ, ಇದೂ ಅಂಥದ್ದೇ. ಅಲ್ಲಿ ಗುಳ್ಳೆ ತೂತನ್ನು ತೋರಿಸುತ್ತದೆ. ಇಲ್ಲಿ ಉಪ್ಪಿನ ಕಣಗಳು ಸಂದಿನಲ್ಲಿ ನುಸುಳಿದರೆ ವಿದ್ಯುತ್ತು ಸರಾಗ ಹರಿಯುತ್ತದೆ, ಸಂದು ಮುಚ್ಚಿದ್ದರೆ ತಡೆ ಕಾಣಿಸುತ್ತದೆ.

2010ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು. ತಡೆ ಬಲವಾಗಿತ್ತು. ಬೆನ್ನೆಲುಬಿರುವ ಪ್ರಾಣಿಗಳ ಬಿಗಿಯಾದ ಹೊದಿಕೆಪೊರೆಗಳ ಜೊತೆ ಹೋಲಿಸುವಷ್ಟು. ಸಣ್ಣ ಅಣುಗಳೂ ಸುಲಭಕ್ಕೆ ದಾಟಲಿಲ್ಲ. ಪದರದ ಒಳ-ಹೊರಗಿನ ನಡುವೆ ಅಳೆಯಬಹುದಾದ ವಿದ್ಯುತ್ ವ್ಯತ್ಯಾಸವೂ ಇತ್ತು. ಅಂದರೆ ಆ ಚಪ್ಪಟೆ ಕೋಶಗಳು ಉಪ್ಪಿನ ಕಣಗಳನ್ನು ಆಯ್ದು ಸಾಗಿಸುತ್ತಾ ಒಳಗನ್ನು ಹೊರಗಿಗಿಂತ ಬೇರೆಯಾಗಿ ಇಟ್ಟಿವೆ. ಸಂತೆಯ ಗುಡಾರ ಎಂದುಕೊಂಡಿದ್ದರ ಮಾಡು ಸೋರುತ್ತಿರಲಿಲ್ಲ.

ನನಗೆ ಈ ಪ್ರಯೋಗದ ಮೇಲೆ ವಿಶೇಷ ಪ್ರೀತಿ. ಸ್ಪಂಜಿಗೆ ಅಂಗಾಂಶ ಇದೆಯೇ ಎಂಬ ಪ್ರಶ್ನೆಯನ್ನು ನೂರು ವರ್ಷ ಜನ ಕಣ್ಣಿನಿಂದ ಬಿಡಿಸಲು ನೋಡಿದ್ದರು. ಸೂಕ್ಷ್ಮದರ್ಶಕದಲ್ಲಿ ನಮ್ಮ ಕರುಳಿನಲ್ಲಿ ಕಾಣುವಂಥ ಹೊಲಿಗೆ ಕಾಣಲಿಲ್ಲ, ಆದ್ದರಿಂದ ಇಲ್ಲ ಎಂದಿದ್ದರು. ಪೊರೆ ಹೇಗಿದೆ ಎಂದು ನೋಡುವುದರ ಜೊತೆಗೆ ಅದು ಏನು ಮಾಡುತ್ತದೆ ಎಂದೂ ಕೇಳಿದಾಗ ಉತ್ತರ ಬದಲಾಯಿತು.

ಹುಕ್ಕು, ಹೊಲಿಗೆ, ಪಟ್ಟಿ

ಈಗ ಪಕ್ಕದ ಕಟ್ಟಿನ ಒಳಗುಟ್ಟಿಗೆ ಬರೋಣ. ಕೋಶಗಳು ಗೋಂದಿನಿಂದ ಅಂಟಿಕೊಳ್ಳುವುದೂ ಕೈಹಿಡಿದುಕೊಳ್ಳುವುದೂ ಒಂದೇ ಅಲ್ಲ.

ದರ್ಜಿಯ ಹತ್ತಿರ ರವಿಕೆ ಹೊಲಿಸಿದವರು ಹುಕ್ಕಿನ ಪಟ್ಟಿಯನ್ನು ನೋಡಿರುತ್ತಾರೆ. ಹುಕ್ಕನ್ನು ತೆಳು ಬಟ್ಟೆಗೆ ನೇರವಾಗಿ ಹೊಲಿದರೆ ಎರಡು ದಿನಕ್ಕೆ ಬಟ್ಟೆ ಹರಿದು ಹುಕ್ಕು ಕೈಗೆ ಬರುತ್ತದೆ. ಅದಕ್ಕೇ ಅಂಚಿನಲ್ಲಿ ಬಟ್ಟೆ ಮಡಚಿ ದಪ್ಪ ಪಟ್ಟಿ ಕೊಟ್ಟು, ಹುಕ್ಕನ್ನು ಆ ಪಟ್ಟಿಗೆ ಸೇರುವಂತೆ ಹೊಲಿಯುತ್ತಾರೆ. ಎಳೆತ ಒಂದೇ ಬಿಂದುವಿನಲ್ಲಿ ನಿಲ್ಲದೆ ಇಡೀ ರವಿಕೆಗೆ ಹಂಚಿಹೋಗುತ್ತದೆ.

ನಮ್ಮ ಹೊದಿಕೆಪೊರೆಯ ಕೋಶಗಳೂ ಹೀಗೇ ಸೇರಿಕೊಂಡಿವೆ. ಕೋಶದ ಮೈಯಿಂದ ಹೊರಚಾಚಿದ ಹುಕ್ಕಿನ ಹೆಸರು ಕ್ಯಾಡ್‌ಹೆರಿನ್. ಪಕ್ಕದ ಕೋಶವೂ ಅಂಥದ್ದೇ ಹುಕ್ಕನ್ನು ಚಾಚಿರುತ್ತದೆ, ಎರಡೂ ಸಿಕ್ಕಿಕೊಳ್ಳುತ್ತವೆ. ಕೋಶದ ಒಳಗಡೆ ಆ ಹುಕ್ಕಿನ ಬಾಲವನ್ನು ಬೀಟಾ-ಕೆಟೆನಿನ್, ಆಲ್ಫಾ-ಕೆಟೆನಿನ್ ಎಂಬ ಪ್ರೋಟೀನುಗಳು ಹಿಡಿದಿರುತ್ತವೆ. ಅವೇ ಹೊಲಿಗೆ. ಹೊಲಿಗೆಯ ಇನ್ನೊಂದು ತುದಿ ಕೋಶದ ಒಳಹುರಿಗಳಿಗೆ, ಅಂದರೆ ಆ್ಯಕ್ಟಿನ್ ಎಳೆಗಳಿಗೆ, ಬಿಗಿದಿರುತ್ತದೆ. ಅದು ಪಟ್ಟಿ. ಒಂದು ಕೋಶದ ಹುರಿ, ಹೊಲಿಗೆ, ಹುಕ್ಕು, ಎದುರಿನ ಹುಕ್ಕು, ಅದರ ಹೊಲಿಗೆ, ಅದರ ಹುರಿ ಎಂದು ಇಡೀ ಪದರದುದ್ದಕ್ಕೂ ಒಂದೇ ಸರಪಳಿ. ಒಂದು ಕಡೆ ಹುರಿ ಬಿಗಿದರೆ ಹಾಳೆ ಬಾಗುತ್ತದೆ. ಭ್ರೂಣದಲ್ಲಿ ಹಾಳೆ ಮಡಚಿ ಕೊಳವೆಯಾಗುವುದು, ಕೊಳವೆ ಕರುಳಾಗುವುದು ಹೀಗೆ. ಗೋಂದಿನಿಂದ ಇದಾಗದು. ಗೋಂದು ಅಂಟಿಸಬಲ್ಲದು, ಎಳೆತವನ್ನು ದಾಟಿಸಲಾರದು.

ಈ ಹುಕ್ಕನ್ನು ಕಂಡುಹಿಡಿದದ್ದು ಜಪಾನಿನ ಮಸಾತೋಶಿ ತಾಕೇಯಿಚಿ. 1970ರ ದಶಕದಲ್ಲಿ ಅವರು ಕ್ಯೋಟೊದಿಂದ ಅಮೆರಿಕದ ಪ್ರಯೋಗಾಲಯಕ್ಕೆ ಹೋಗಿದ್ದಾಗ, ತಮ್ಮ ಊರಿನಲ್ಲಿ ಚೆನ್ನಾಗಿ ಮರಳಿ ಅಂಟಿಕೊಳ್ಳುತ್ತಿದ್ದ ಕೋಶಗಳು ಅಲ್ಲಿ ಅಂಟಲೇ ಇಲ್ಲ. ಎರಡೂ ಕಡೆ ಕೋಶ ಬಿಡಿಸಲು ಬಳಸುತ್ತಿದ್ದ ದ್ರಾವಣಗಳನ್ನು ಹೋಲಿಸಿದರು. ಅಮೆರಿಕದ್ದರಲ್ಲಿ ಕ್ಯಾಲ್ಸಿಯಂ ಕಸಿದುಕೊಳ್ಳುವ ರಾಸಾಯನಿಕವೊಂದಿತ್ತು. ಕ್ಯಾಲ್ಸಿಯಂ ಇದ್ದರೆ ಹುಕ್ಕು ಸೆಟೆದು ನಿಲ್ಲುತ್ತದೆ. ಇಲ್ಲದಿದ್ದರೆ ನೆನೆದ ದಾರದಂತೆ ಜೋತುಬೀಳುತ್ತದೆ, ಪ್ರೋಟೀನು ಕತ್ತರಿಸುವ ಕಿಣ್ವಕ್ಕೆ ಸುಲಭದ ತುತ್ತಾಗುತ್ತದೆ. ಕ್ಯಾಡ್‌ಹೆರಿನ್ ಎಂಬ ಹೆಸರಿನಲ್ಲೇ ಕ್ಯಾಲ್ಸಿಯಂ ಅಡಗಿದೆ.

ಹುಕ್ಕು ಕಳಚಿದರೆ ಏನಾಗುತ್ತದೆ ಎಂಬುದಕ್ಕೆ ದುಃಖದ ಉದಾಹರಣೆಯಿದೆ. ನ್ಯೂಜಿಲೆಂಡಿನ ಒಂದು ಮಾವೊರಿ ಕುಟುಂಬದಲ್ಲಿ ತಲೆಮಾರುಗಳಿಂದ ಎಳೆಯ ವಯಸ್ಸಿನಲ್ಲೇ ಜಠರದ ಕ್ಯಾನ್ಸರ್ ಬರುತ್ತಿತ್ತು. ಆ ಕುಟುಂಬದವರೇ ಮುಂದೆ ಬಂದು ವಿಜ್ಞಾನಿಗಳ ಜೊತೆ ಕೂಡಿ ಹುಡುಕಿದಾಗ, 1998ರಲ್ಲಿ ಕಾರಣ ಸಿಕ್ಕಿತು. ಕ್ಯಾಡ್‌ಹೆರಿನ್ ಹುಕ್ಕುಗಳಲ್ಲಿ ಒಂದನ್ನು ತಯಾರಿಸುವ ಜೀನಿನಲ್ಲೇ ದೋಷ. ಪಕ್ಕದವರ ಹಿಡಿತ ತಪ್ಪಿದ ಕೋಶಗಳು ಜಠರದ ಗೋಡೆಯೊಳಕ್ಕೆ ಒಂದೊಂದಾಗಿ ನುಸುಳುತ್ತಿದ್ದವು.

ಸ್ಪಂಜಿನಲ್ಲಿ ಈ ಹುಕ್ಕು-ಹೊಲಿಗೆ-ಪಟ್ಟಿ ಇದೆಯೇ? ಸ್ಕಾಟ್ ನಿಕೋಲ್ಸ್ ಮತ್ತು ಸಂಗಡಿಗರು ಆಸ್ಕರೆಲ್ಲಾ ಎಂಬ ಮೆತ್ತನೆಯ ಸ್ಪಂಜಿನ ಬೀಟಾ-ಕೆಟೆನಿನ್ನನ್ನೇ ಗಾಳಕ್ಕೆ ಎರೆಯಾಗಿ ಸಿಕ್ಕಿಸಿ, ಅದೇ ಸ್ಪಂಜಿನ ಪ್ರೋಟೀನುಗಳ ನಡುವೆ ಬಿಟ್ಟರು. ಎರೆ ಕಚ್ಚಿದವುಗಳಲ್ಲಿ ಕ್ಯಾಡ್‌ಹೆರಿನ್ ಇತ್ತು. ಅದು 2012ರ ಮಾತು. 2018ರಲ್ಲಿ ಅದೇ ಪ್ರಯೋಗಾಲಯ ಎಫಿಡೇಷಿಯಾ ಎಂಬ ಸಿಹಿನೀರಿನ ಸ್ಪಂಜಿನಲ್ಲಿ ಬೀಟಾ-ಕೆಟೆನಿನ್ ಎಲ್ಲಿ ಕೂತಿದೆ ಎಂದು ನೋಡಿತು. ಎರಡು ಕೋಶಗಳು ಮೈಗೆ ಮೈ ತಾಗುವ ಅಂಚಿನಲ್ಲಿ, ಒಳಹುರಿಗಳು ಬಂದು ಸೇರುವ ಜಾಗದಲ್ಲಿ, ದರ್ಜಿ ಹೊಲಿಗೆ ಹಾಕುವಂಥ ಕಡೆಯಲ್ಲೇ ಅದು ಇತ್ತು. ಗೋಂದು ಇರುವುದು ನಿಜ. ಹುಕ್ಕೂ ಇದೆ.

ಒಂಟಿ ಜೀವಿಗೆ ಹುಕ್ಕು ಯಾಕೆ?

ಇಲ್ಲಿಂದ ಹಿಂದಕ್ಕೆ ಹೋದಷ್ಟೂ ಕತೆ ಸ್ವಾರಸ್ಯದ್ದು. ಅಮೆರಿಕದ ಹೆನ್ರಿ ಜೇಮ್ಸ್-ಕ್ಲಾರ್ಕ್ 1860ರ ದಶಕದಲ್ಲೇ ಒಂದು ಹೋಲಿಕೆ ಗಮನಿಸಿದ್ದ. ನೀರಿನಲ್ಲಿ ಒಂಟಿಯಾಗಿ ಬದುಕುವ ಕೋಆನೋಫ್ಲಾಜೆಲೇಟ್ ಎಂಬ ಏಕಕೋಶಿಗಳು ಥೇಟ್ ಸ್ಪಂಜಿನ ಕೊರಳಪಟ್ಟಿ ಕೋಶದಂತಿವೆ. ಅದೇ ಚಾಟಿ, ಅದೇ ಪಟ್ಟಿ. ಇವು ಪ್ರಾಣಿಗಳಿಗೆ ಅತಿ ಹತ್ತಿರದ ದಾಯಾದಿಗಳೆಂದು ಇಂದಿನ ಜೀನ್ ಹೋಲಿಕೆಗಳೂ ಹೇಳುತ್ತವೆ. (ಸ್ಪಂಜಿನ ಕೊರಳಪಟ್ಟಿ ಕೋಶ ನೇರವಾಗಿ ಇದರಿಂದಲೇ ಬಂದದ್ದೆಂಬ ಹಳೆಯ ನಂಬಿಕೆಯನ್ನು 2019ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ತಂಡ ಪ್ರಶ್ನಿಸಿತು. ರೂಪ ಒಂದೇ ಆದರೂ ಎರಡರಲ್ಲೂ ಕೆಲಸ ಮಾಡುವ ಜೀನುಗಳು ಅಷ್ಟಾಗಿ ಹೊಂದುವುದಿಲ್ಲ.)

ನಿಕೋಲ್ ಕಿಂಗ್ ಅವರ ನೇತೃತ್ವದಲ್ಲಿ 2008ರಲ್ಲಿ ಮೊನೋಸೈಗಾ ಎಂಬ ಕೋಆನೋಫ್ಲಾಜೆಲೇಟಿನ ಇಡೀ ಜೀನ್ ಸಂಪುಟ ಓದಿದಾಗ ಕಂಡದ್ದು ಅಚ್ಚರಿಯ ಸಂಗತಿ. ಅದರಲ್ಲಿ 23 ಕ್ಯಾಡ್‌ಹೆರಿನ್ ಜೀನುಗಳಿದ್ದವು. ಹಣ್ಣುನೊಣದಲ್ಲಿ ಇರುವುದಕ್ಕಿಂತ ಹೆಚ್ಚು! ಯಾರ ಕೈಯನ್ನೂ ಹಿಡಿಯದ ಒಂಟಿ ಜೀವಿಗೆ ಇಷ್ಟು ಹುಕ್ಕುಗಳು ಯಾಕೆ? ಅವುಗಳಲ್ಲಿ ಕೆಲವು ಎಲ್ಲಿವೆ ಎಂದು ನೋಡಿದರೆ, ಬ್ಯಾಕ್ಟೀರಿಯಾ ಹಿಡಿಯುವ ಕೊರಳಪಟ್ಟಿಯ ಮೇಲೆ. ಬಹುಶಃ ಮೊದಲಿಗೆ ಅವು ಊಟ ಹಿಡಿಯುವ ಹುಕ್ಕುಗಳು. ಅಪ್ಪಿಕೊಳ್ಳಲು ಬಳಸುವ ಕೈ ಮೂಲದಲ್ಲಿ ಬೇಟೆಯ ಕೈ.

ಆದರೆ ಆ ಹುಕ್ಕುಗಳಿಗೆ ಒಂದು ಕೊರತೆ. ಬೀಟಾ-ಕೆಟೆನಿನ್ ಹಿಡಿಯುವಂಥ ಬಾಲ ಅವಕ್ಕಿಲ್ಲ. ಹುಕ್ಕಿದೆ, ಆ ಹೊಲಿಗೆ ಇಲ್ಲ.

ಹೊಲಿಗೆ ಸಿಕ್ಕಿದ್ದು ಯಾರೂ ಎಣಿಸದ ಕಡೆ. ಡಿಕ್ಟಿಯೋಸ್ಟೀಲಿಯಂ ಮಣ್ಣಿನಲ್ಲಿ ಬದುಕುವ ಅಮೀಬಾ. ತಿನ್ನಲು ಬ್ಯಾಕ್ಟೀರಿಯಾ ಮುಗಿದಾಗ ಸಾವಿರಾರು ಅಮೀಬಾಗಳು ಒಟ್ಟುಸೇರಿ, ಒಂದು ಕಾಂಡ ಎತ್ತಿ, ತುದಿಯಲ್ಲಿ ಬೀಜಕಗಳ ಗುಂಡು ಹೊರುತ್ತವೆ. ಸ್ಟ್ಯಾನ್‌ಫರ್ಡಿನ ಡಿಕಿನ್ಸನ್, ನೆಲ್ಸನ್ ಮತ್ತು ವೀಸ್ 2011ರಲ್ಲಿ ತೋರಿಸಿದ್ದು ಇದು: ಆ ಕಾಂಡದ ತುದಿಯ ಸುತ್ತ ಕೋಶಗಳು ಸಾಲಾಗಿ ನಿಂತು, ಮೇಲು-ಕೆಳಗು ತಿಳಿದ ಒಂದು ಹೊದಿಕೆ ಕಟ್ಟುತ್ತವೆ, ಮತ್ತು ಅದಕ್ಕೆ ಕೆಟೆನಿನ್‌ಗಳು ಬೇಕೇ ಬೇಕು. ಕೆಟೆನಿನ್ ತೆಗೆದರೆ ಕೋಶಗಳಿಗೆ ದಿಕ್ಕು ತಪ್ಪುತ್ತದೆ. ಅಲ್ಲಿ ಕ್ಯಾಡ್‌ಹೆರಿನ್ ಮಾತ್ರ ಇಲ್ಲವೇ ಇಲ್ಲ. ಹೊಲಿಗೆ ಇದೆ, ಹುಕ್ಕಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹುಕ್ಕು ಪ್ರಾಣಿಗಳಿಗಿಂತ ಹಳೆಯದು. ಹೊಲಿಗೆ ಅದಕ್ಕಿಂತಲೂ ಹಳೆಯದು. ಒಳಹುರಿಯಂತೂ ಇನ್ನೂ ಪುರಾತನ. ಕೋಆನೋಫ್ಲಾಜೆಲೇಟ್‌ಗಳಿಂದ ಕವಲೊಡೆದ ಮೇಲೆ, 60 ಕೋಟಿ ವರ್ಷಗಳಿಗೂ ಹಿಂದೆ ಎಲ್ಲೋ, ಪ್ರಾಣಿಗಳ ಪೂರ್ವಿಕನಲ್ಲಿ ಒಂದು ಹುಕ್ಕಿಗೆ ಹೊಸ ಬಾಲ ಬಂತು. ಆ ಬಾಲ ಹೊಲಿಗೆಗೆ ಸಿಕ್ಕಿತು. ಹೊರಗೆ ಊಟ ಹಿಡಿಯುತ್ತಿದ್ದ ಕೈಯೂ ಒಳಗೆ ಹುರಿ ಕಟ್ಟುತ್ತಿದ್ದ ಗಂಟೂ ಒಂದಾದವು. ಪ್ರಾಣಿಗಳಲ್ಲಿ ಮಾತ್ರ ಕಾಣುವ ಹೊಸತನ ಈ ಜೋಡಣೆ. ಸ್ಪಂಜಿನಲ್ಲೂ ಮನುಷ್ಯನಲ್ಲೂ ಅದು ಉಳಿದುಬಂದಿದೆ.

ಹಾಳೆ ಬಾಗುವ ಆಟವೂ ಹಳೆಯದೇ ಇರಬಹುದು. ಕಿಂಗ್ ಮತ್ತು ತೀಬೋ ಬ್ರೂನೆ ಅವರ ತಂಡ ಕೆರಿಬಿಯನ್ ದ್ವೀಪ ಕ್ಯುರಸಾವೊದ ಕಡಲಂಚಿನಿಂದ ತಂದ ಕೋಆನೋಎಕಾ ಫ್ಲೆಕ್ಸಾ ಎಂಬ ಜೀವಿಯನ್ನು 2019ರಲ್ಲಿ ವರ್ಣಿಸಿತು. ಕೊರಳಪಟ್ಟಿಗಳ ಅಂಚು ಒಂದಕ್ಕೊಂದು ತಾಗಿಸಿಕೊಂಡು ಈ ಏಕಕೋಶಿಗಳು ಬಟ್ಟಲಿನಾಕಾರದ ಹಾಳೆಯಾಗಿ ಬಾಳುತ್ತವೆ. ಬೆಳಕು ಆರಿಸಿದರೆ ಬಟ್ಟಲು ಗಾಳಿಗೆ ಸಿಕ್ಕ ಕೊಡೆಯ ಹಾಗೆ ಒಳಮಗ್ಗುಲು ಹೊರಗಾಗಿ ತಿರುಗುತ್ತದೆ. ಪ್ರತಿ ಕೋಶವೂ ತನ್ನ ಒಳಹುರಿಯನ್ನು ಬಿಗಿಯುವುದರಿಂದಲೇ ಇದು ಸಾಧ್ಯ. ನಮ್ಮ ಭ್ರೂಣದ ಹಾಳೆ ಮಡಚುವುದೂ ಇದೇ ಬಲದಿಂದ.

ಅಡಿಹಾಸಿನ ತಕರಾರು

ಪಕ್ಕದ ಕಟ್ಟು ಸಿಕ್ಕಿತು. ಬೊಬ್ಬೆಯಲ್ಲಿ ಕಿತ್ತುಹೋದ ಅಡಿಯ ಕಟ್ಟು? ನಮ್ಮಲ್ಲಿ ಅಡಿಹಾಸನ್ನು ನೇಯುವ ಮುಖ್ಯ ಎಳೆ ನಾಲ್ಕನೇ ಬಗೆಯ ಕೊಲ್ಲಾಜೆನ್. ಬಹುತೇಕ ಸ್ಪಂಜುಗಳಲ್ಲಿ ಪದರದ ಕೆಳಗೆ ಅಂಥ ಹಾಸು ಕಾಣುವುದಿಲ್ಲ. ಚಪ್ಪಟೆ ಕೋಶಗಳು ನೇರ ಲೋಳೆಯ ಮೇಲೆ ಕೂತಿರುತ್ತವೆ. ಆದರೆ ಆಸ್ಕರೆಲ್ಲಾ ಸೇರಿದ ಹೋಮೋಸ್ಕ್ಲೀರೋಮಾರ್ಫಾ ಎಂಬ ಸಣ್ಣ ಗುಂಪಿನಲ್ಲಿ ಇದೆ. ಫ್ರೆಂಚ್ ಸಂಶೋಧಕರು 1996ರಲ್ಲಿ ಅವುಗಳಲ್ಲಿ ನಾಲ್ಕನೇ ಬಗೆಯ ಕೊಲ್ಲಾಜೆನ್ನನ್ನೇ ಗುರುತಿಸಿದರು.

ಹಾಗಾದರೆ ಸ್ಪಂಜುಗಳ ಪೂರ್ವಿಕನಿಗೆ ಅಡಿಹಾಸು ಇದ್ದು ಉಳಿದ ಗುಂಪುಗಳು ಅದನ್ನು ಕಳೆದುಕೊಂಡವೇ? ಹಾಗೆಂದೇ ನನ್ನ ಒಲವು. ಒಂದೇ ಎಳೆಯಿಂದ ಒಂದೇ ರೀತಿಯ ಚಾಪೆಯನ್ನು ಎರಡು ಸಲ ಬೇರೆಬೇರೆಯಾಗಿ ನೇಯ್ದರು ಎನ್ನುವುದಕ್ಕಿಂತ, ಕೆಲವರು ಹಳೆಯ ಚಾಪೆಯನ್ನು ಮಡಚಿಟ್ಟರು ಎನ್ನುವುದು ನಂಬಲು ಸುಲಭ. ಸದಾ ಜಾಗ ಬದಲಿಸುವ ಕೋಶಗಳಿಗೆ ಕಾಲಿಗಂಟಿದ ಹಾಸು ಅಡ್ಡಿಯೂ ಆಗಿರಬಹುದು. ಇದರ ಜೊತೆಗೆ ಇನ್ನೊಂದು ಜಗಳವಿದೆ. ಪ್ರಾಣಿವಂಶದ ಮೊದಲ ಕವಲು ಸ್ಪಂಜೋ, ಬಾಚಣಿಗೆ ಲೋಳೆಮೀನುಗಳೋ ಎಂದು 2008ರಿಂದ ವಾದ ನಡೆಯುತ್ತಿದೆ. ವರ್ಣತಂತುಗಳ ಮೇಲೆ ಜೀನುಗಳ ಜೋಡಣೆಯನ್ನು ಹೋಲಿಸಿದ 2023ರ ಅಧ್ಯಯನವೊಂದು ಬಾಚಣಿಗೆ ಲೋಳೆಮೀನಿನ ಪರವಾಗಿತ್ತು. ಬಾಚಣಿಗೆ ಲೋಳೆಮೀನುಗಳಿಗೆ ಒಳ್ಳೆಯ ಹೊದಿಕೆಪೊರೆಯಿದೆ. ಅವೇ ಹಿರಿಯ ಕವಲಾದರೆ, ಎಲ್ಲ ಪ್ರಾಣಿಗಳ ಪೂರ್ವಿಕನಿಗೂ ಅದು ಇತ್ತು ಎಂಬ ಮಾತಿಗೆ ಬಲ ಹೆಚ್ಚುತ್ತದೆ. ಆಗ ಸ್ಪಂಜು ಅಂಗಾಂಶ ಕಟ್ಟಲು ಇನ್ನೂ ಕಲಿಯದ ಜೀವಿಯಲ್ಲ, ತನ್ನ ಬಾಳಿಗೆ ತಕ್ಕಂತೆ ಅದನ್ನು ಸಡಿಲ ಮಾಡಿಕೊಂಡ ಜೀವಿ.

ಬೊಂಬಾಯಿಯ ಕೊಳಗಳಲ್ಲಿ

ಸಿಹಿನೀರಿನ ಸ್ಪಂಜು ನೋಡಲು ಕೆನಡಾಕ್ಕೆ ಹೋಗಬೇಕಿಲ್ಲ. 1840ರ ದಶಕದಲ್ಲಿ ಸೇನೆಯ ವೈದ್ಯ ಹೆನ್ರಿ ಜಾನ್ ಕಾರ್ಟರ್ ಬೊಂಬಾಯಿಯ ಕೊಳಗಳಲ್ಲಿ ಅವುಗಳನ್ನು ಹುಡುಕಿ ವರ್ಷಗಟ್ಟಲೆ ಗಮನಿಸಿದ. ಅವನ ಹೆಸರು ಹೊತ್ತ ಯೂನೇಪಿಯಸ್ ಕಾರ್ಟೆರೈ ಎಂಬ ಜಾತಿ ಭಾರತದ ಕೆರೆಕೊಳಗಳಲ್ಲಿ ಇಂದಿಗೂ ಸಾಮಾನ್ಯ. ನೀರಿನಲ್ಲಿ ಮುಳುಗಿದ ಕಲ್ಲು, ಕೊಂಬೆಗಳ ಮೇಲೆ ಅದು ಉಂಡೆಯಾಗಿಯೋ ಹೊಪ್ಪಳೆಯಾಗಿಯೋ ಬೆಳೆದಿರುತ್ತದೆ. ದಾಟಿಹೋಗುವವರು ಪಾಚಿ ಎಂದುಕೊಳ್ಳುತ್ತಾರೆ.

ಬೇಸಿಗೆಯಲ್ಲಿ ಕೊಳ ಬತ್ತುತ್ತದೆ. ಸ್ಪಂಜು ಸಾಯುತ್ತದೆ. ಸಾಯುವ ಮುಂಚೆ ಒಡಲ ಕೋಶಗಳಲ್ಲಿ ಒಂದಷ್ಟು ಗುಂಪು ಗುಂಪಾಗಿ ಸೇರಿ, ಸುತ್ತ ಗಟ್ಟಿ ಕವಚ ಕಟ್ಟಿಕೊಂಡು, ಸಾಸಿವೆಗಿಂತ ಸಣ್ಣ ಕಾಳುಗಳಾಗುತ್ತವೆ. ಜೆಮ್ಯೂಲ್ ಎಂದು ಅವುಗಳ ಹೆಸರು. ಬಿರುಕುಬಿಟ್ಟ ಕೆಸರಿನಲ್ಲಿ, ಒಣಗಿದ ಕೊಂಬೆಯಲ್ಲಿ ಅವು ತಿಂಗಳುಗಟ್ಟಲೆ ಕಾಯುತ್ತವೆ.

ಮಳೆ ಬಂದು ನೀರು ಏರಿದ ಮೇಲೆ ಕವಚದ ಒಂದು ಸಣ್ಣ ಕಿಂಡಿ ತೆರೆಯುತ್ತದೆ. ಕೋಶಗಳು ಒಂದರ ಹಿಂದೆ ಒಂದು ತೆವಳಿ ಹೊರಬರುತ್ತವೆ. ಕೊರಳಪಟ್ಟಿ ಇನ್ನೂ ಮೂಡಿಲ್ಲ, ಕಾಲುವೆ ಕೊರೆದಿಲ್ಲ, ಊಟಕ್ಕೆ ದಾರಿಯಾಗಿಲ್ಲ. ಅದಕ್ಕೂ ಮೊದಲು ಕೆಲವು ಕೋಶಗಳು ಚಪ್ಪಟೆಯಾಗಿ ಹರಡುತ್ತವೆ. ಅಂಚಿಗೆ ಅಂಚು ತಾಗುತ್ತದೆ, ಹುಕ್ಕಿಗೆ ಹುಕ್ಕು ಸಿಗುತ್ತದೆ, ಸಂದು ಮುಚ್ಚುತ್ತದೆ. ಕೊಳದ ನೀರಿನಲ್ಲಿ ಒಂದಿಷ್ಟು ಜಾಗ ಕೊಳದಿಂದ ಬೇರೆಯಾಗುತ್ತದೆ.